ಗಡ್ಡೆಯಂತೆ! ಎಲ್ಲಿದೆಯಂತೆ?

ಅಂಕಣ: ಆರೋಗ್ಯ ಅಂಗಳ



ಈ ಸಂಚಿಕೆಗೆ ಬನಾರಸಿನ ಬೇಸಿಗೆ ಮತ್ತು ಲೂ ಗಾಳಿಯ ಬಗ್ಗೆ ಬರೆಯುತ್ತೇನೆಂದು ಸಂಪಾದಕರಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು ಇವತ್ತು ಬೇರೆಯದೇ ವಿಷಯ ಎತ್ತಿಕೊಂಡಿದ್ದೇನೆ. ಇದಕ್ಕೆ ಕಾರಣ ನಮ್ಮ ಓಣಿಯ ಒಬ್ಬ ಹುಡುಗಿ. ನಿಮ್ಮಲ್ಲಿ ಹಲವರ ಜೊತೆ ಆಡಿ ಬೆಳೆದವಳು. ಹೆಸರು ಹೇಳುವುದಿಲ್ಲ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ನನ್ನ ಗೆಳತಿಯರಿಗೂ ತಿಳೀಲಿ ಅತ್ತೀ, ಬರೀರಿ" ಎಂದು ಅವಳೇ ಹೇಳಿದಳು.

ಹೋದ ವರ್ಷದ ಯುಗಾದಿ. ಜಂಗಮವಾಡಿಯಲ್ಲಿ ನಾವೆಲ್ಲ ಸೇರಿದ್ದೆವು. ಹೋಳಿಗೆ ಬಡಿಸುವ ಗದ್ದಲದಲ್ಲಿ ಅವಳು ಬಂದು ನನ್ನ ಪಕ್ಕದ ಮಣೆಯ ಮೇಲೆ ಕುಳಿತಳು. ವಯಸ್ಸು ಇಪ್ಪತ್ತೊಂಬತ್ತು, ಮೊದಲ ಬಸುರು, ಐದು ತಿಂಗಳು. ಎಲೆಯ ಮುಂದೆ ಕುಳಿತಿದ್ದರೂ ತುತ್ತು ಎತ್ತಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, "ಅತ್ತೀ, ನನ್ನ ಬಚ್ಚೇದಾನಿಯೊಳಗ ಗಾಂಠ್ ಅದ ಅಂತ. ಅಜ್ಜಿ ಫೋನಿನ್ಯಾಗ ಅಳ್ಲಿಕತ್ತಾಳ" ಎಂದಳು.

ಹಿಂದಿನ ದಿನ ಸ್ಕ್ಯಾನ್ ಆಗಿತ್ತು. ವರದಿಯಲ್ಲಿ ಇಂಗ್ಲಿಷಿನಲ್ಲಿ ಫೈಬ್ರಾಯ್ಡ್ ಎಂದು ಬರೆದಿತ್ತು. ಸ್ಕ್ಯಾನ್ ಮಾಡಿದವರು ಹಿಂದಿಯಲ್ಲಿ ರಸೌಲಿ ಎಂದರಂತೆ. ಪಕ್ಕದ ಮನೆಯವರು ಗಾಂಠ್ ಎಂದರು. ಈ ಮಾತು ದೂರವಾಣಿಯ ಮೂಲಕ ಕಲಬುರ್ಗಿ ಜಿಲ್ಲೆಯ ಅಜ್ಜಿಯ ಕಿವಿಗೆ ತಲುಪುವಷ್ಟರಲ್ಲಿ 'ಗಡ್ಡಿ' ಆಗಿತ್ತು. ನಮ್ಮ ಊರುಗಳಲ್ಲಿ ಹೊಟ್ಟೆಯಲ್ಲಿ ಗಡ್ಡೆ ಎಂದರೆ ಜನ ಬೇರೇನೂ ಕೇಳುವುದಿಲ್ಲ, ಕ್ಯಾನ್ಸರ್ ಎಂದೇ ತಿಳಿಯುತ್ತಾರೆ. "ಹೆರಿಗಿ ಜೋಡಿನೇ ಗರ್ಭಕೋಶ ತೆಗಿಸಿಬಿಡವ್ವಾ, ಜೀವ ಉಳೀತದ" ಎಂದು ಅಜ್ಜಿ ಅತ್ತಿದ್ದರು. ಅವರು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನಾನು ಅವಳಿಗೆ ಮೊದಲು ಊಟ ಮಾಡು ಎಂದೆ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದೆ: "ಗಡ್ಡೆ ಎಲ್ಲಿದೆಯಂತೆ?" ಅವಳಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಇವತ್ತಿನ ಅಂಕಣವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಏನಿದು ನಾರುಗಡ್ಡೆ?

ಗರ್ಭಕೋಶ ಎಂಬುದು ಮುಖ್ಯವಾಗಿ ಸ್ನಾಯುವಿನಿಂದ ಆದ ಚೀಲ. ಆ ಸ್ನಾಯುವಿನ ಒಂದು ಕಣ ತನ್ನ ಪಾಡಿಗೆ ತಾನು ಬೆಳೆಯುತ್ತ ಹೋಗಿ ಗುಂಡಗೆ ಗಟ್ಟಿಯಾಗುವುದೇ ಫೈಬ್ರಾಯ್ಡ್, ಅಂದರೆ ನಾರುಗಡ್ಡೆ. ಸಾಸಿವೆಯಷ್ಟು ಸಣ್ಣದಿರಬಹುದು, ನಿಂಬೆಹಣ್ಣಿನಷ್ಟಿರಬಹುದು, ಕೆಲವರಲ್ಲಿ ತೆಂಗಿನಕಾಯಿಯನ್ನೂ ಮೀರಬಹುದು. ಒಂದೇ ಇರಬಹುದು, ಹಲವೂ ಇರಬಹುದು. ಹೆಣ್ಣಿನ ದೇಹದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳೇ ಇದಕ್ಕೆ ಗೊಬ್ಬರ. ಆದ್ದರಿಂದಲೇ ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಇದು ತಾನಾಗಿಯೇ ಬಾಡುತ್ತದೆ.

ಇದು ಕ್ಯಾನ್ಸರ್ ಅಲ್ಲ. ಈ ಜಾಗದಲ್ಲಿ ಕ್ಯಾನ್ಸರ್ ಗಡ್ಡೆ ಇರುವುದು ತೀರಾ ಅಪರೂಪ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ. ನಾರುಗಡ್ಡೆಯಾದರೋ ಬಹಳ ಸಾಮಾನ್ಯ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಐವತ್ತನೇ ವಯಸ್ಸಿನೊಳಗೆ ಅಲ್ಲಿನ ಬಿಳಿಯ ಹೆಂಗಸರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ, ಕಪ್ಪು ಹೆಂಗಸರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಇದು ಆಗಿರುತ್ತದೆ. ಇವರಲ್ಲಿ ಅನೇಕರಿಗೆ ಯಾವ ತೊಂದರೆಯೂ ಇಲ್ಲ, ತಮಗಿದೆ ಎಂಬುದೂ ಗೊತ್ತಿಲ್ಲ. ತೊಂದರೆ ಕೊಡುವವು ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಮಲಬದ್ಧತೆ ಮುಂತಾಗಿ ತಮ್ಮ ಇರವನ್ನು ತಿಳಿಸುತ್ತವೆ.

ಮದುವೆಯಾಗದ ಹುಡುಗಿಯರಿಗೆ ಇಲ್ಲೊಂದು ಮಾತು. ಮುಟ್ಟಿನಲ್ಲಿ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿದ್ದರೆ, ಹೆಪ್ಪುಗಟ್ಟಿದ ರಕ್ತ ಹೋಗುತ್ತಿದ್ದರೆ, ಏಳು ದಿನ ಮೀರಿದರೂ ನಿಲ್ಲದಿದ್ದರೆ, "ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ" ಎಂದು ಸುಮ್ಮನಿರಬೇಡಿ. ಅಮ್ಮನಿಗೂ ಅಕ್ಕನಿಗೂ ನಾರುಗಡ್ಡೆ ಇದ್ದರೆ ನಿಮಗೂ ಬರುವ ಸಂಭವ ಹೆಚ್ಚು.

ಮನೆಯ ಗೋಡೆಯ ಲೆಕ್ಕ

ಈಗ ನಮ್ಮ ಪ್ರಶ್ನೆಗೆ ಬರೋಣ. ಗರ್ಭಕೋಶವನ್ನು ನಮ್ಮ ಗಲ್ಲಿಯ ದಪ್ಪ ಗೋಡೆಯ ಹಳೆಯ ಮನೆ ಎಂದುಕೊಳ್ಳಿ. ಒಳಗಿರುವ ಒಂದೇ ಕೋಣೆಯಲ್ಲಿ ಮಗು ಬೆಳೆಯಬೇಕು. ಗಡ್ಡೆ ಎಂಬುದು ಒಂದು ಕಲ್ಲು.

ಕಲ್ಲು ಹೊರಗೋಡೆಗೆ ಅಂಟಿಕೊಂಡಿದ್ದರೆ ಕೋಣೆಯಲ್ಲಿರುವವರಿಗೆ ಸಾಮಾನ್ಯವಾಗಿ ಅದರ ಗೊಡವೆಯೇ ಇಲ್ಲ. ಬಸುರಾಗುವುದಕ್ಕೂ ಇಂಥ ಗಡ್ಡೆ ಅಡ್ಡಿಯಲ್ಲ. ಕಲ್ಲು ಗೋಡೆಯ ದಪ್ಪದೊಳಗೇ ಹುದುಗಿದ್ದರೆ ಅದರ ಗಾತ್ರ ನೋಡಬೇಕು. ಸಣ್ಣದಾದರೆ ಚಿಂತೆಯಿಲ್ಲ, ದೊಡ್ಡದಾಗಿ ಕೋಣೆಯನ್ನು ಒತ್ತುತ್ತಿದ್ದರೆ ಯೋಚಿಸಬೇಕು. ಕಲ್ಲು ಕೋಣೆಯ ಒಳಕ್ಕೇ ಚಾಚಿಕೊಂಡಿದ್ದರೆ ಅದು ಸಣ್ಣದಾದರೂ ತೊಂದರೆಯೇ. ಗರ್ಭ ನಿಲ್ಲುವುದಕ್ಕೆ ಅಡ್ಡಿ ಮಾಡುವುದು ಹೆಚ್ಚಾಗಿ ಈ ಬಗೆಯದು. ಕಲ್ಲು ಬಾಗಿಲ ಬಳಿ, ಅಂದರೆ ಗರ್ಭಕೋಶದ ಕೆಳಭಾಗದಲ್ಲಿ ಇದ್ದರೆ ಮಗು ಹೊರಬರುವ ದಾರಿಗೆ ಅಡ್ಡವಾಗಬಹುದು.

2011ರಿಂದ ವೈದ್ಯರು ಇದಕ್ಕೊಂದು ಅಂತರರಾಷ್ಟ್ರೀಯ ಲೆಕ್ಕ ಇಟ್ಟುಕೊಂಡಿದ್ದಾರೆ. ಸೊನ್ನೆಯಿಂದ 2ರವರೆಗಿನ ಅಂಕಿ ಎಂದರೆ ಕೋಣೆಯೊಳಕ್ಕೆ ಚಾಚಿದ್ದು. 3 ಮತ್ತು 4 ಗೋಡೆಯೊಳಗೆ ಇರುವುದು. 5ರಿಂದ 7 ಹೊರಮೈಯ ಕಡೆಗೆ ಇರುವುದು. 8 ಎಂದರೆ ಗರ್ಭಕೋಶದ ಬಾಯಿಯಂಥ ಬೇರೆ ಜಾಗದ್ದು. ನಿಮ್ಮ ವರದಿಯಲ್ಲಿ ಈ ಅಂಕಿ ಇದ್ದರೆ ನೋಡಿ, ಇಲ್ಲದಿದ್ದರೆ ಕೇಳಿ. ಎಲ್ಲಿದೆ, ಎಷ್ಟು ದೊಡ್ಡದು, ಎಷ್ಟಿವೆ, ಮಾಸು ಅದರ ಮೇಲೆ ಕೂತಿದೆಯೇ, ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಭಯ ಹೋಗುತ್ತದೆ.

ನಮ್ಮ ಹುಡುಗಿಯ ಗಡ್ಡೆ ಆರು ಸೆಂಟಿಮೀಟರ್. ಮುಂಗೋಡೆಯೊಳಗೆ ಹುದುಗಿತ್ತು. ಮಾಸು ಹಿಂಗೋಡೆಗೆ ಅಂಟಿತ್ತು. ಇದು ತಿಳಿದ ಮೇಲೆ ನನಗೂ ಸಮಾಧಾನವಾಯಿತು.

ಬಸುರಿನಲ್ಲಿ ಏನಾಗಬಹುದು?

ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 2ರಿಂದ 10 ಮಂದಿಗೆ ಸ್ಕ್ಯಾನಿನಲ್ಲಿ ನಾರುಗಡ್ಡೆ ಕಾಣಿಸುತ್ತದೆ. ಇಂಥವರಲ್ಲಿ ಹೆಚ್ಚಿನವರು ಯಾವ ತೊಡಕೂ ಇಲ್ಲದೆ ಹೆರುತ್ತಾರೆ. ನೂರರಲ್ಲಿ 10ರಿಂದ 30 ಮಂದಿಗೆ ಗಡ್ಡೆಯ ಕಾರಣ ಏನಾದರೊಂದು ತೊಂದರೆ ಬರುತ್ತದೆ ಎಂಬುದು ವೈದ್ಯರ ಅಂದಾಜು. ಅವು ಯಾವುವೆಂದು ಮುಚ್ಚಿಡದೆ ಹೇಳುತ್ತೇನೆ. ತಿಳಿದಿದ್ದರೆ ಸಿದ್ಧರಾಗಿರಬಹುದು.

ಒಂದು, ನೋವು. ಎರಡು, ಮಾಸು ಗಡ್ಡೆಯ ಮೇಲೆಯೇ ಕೂತಿದ್ದರೆ ರಕ್ತಸ್ರಾವ, ಅಪರೂಪಕ್ಕೆ ಮಾಸು ಮೊದಲೇ ಕಳಚಿಕೊಳ್ಳುವುದು. ಮೂರು, ದಿನ ತುಂಬುವ ಮೊದಲೇ ಹೆರಿಗೆ ನೋವು. ನಾಲ್ಕು, ಜಾಗ ಇಕ್ಕಟ್ಟಾಗಿ ಮಗು ತಲೆ ಕೆಳಗಾಗಿ ತಿರುಗದೆ ಕುಂಡೆ ಕೆಳಗಾಗಿಯೇ ಅಥವಾ ಅಡ್ಡಲಾಗಿಯೇ ಉಳಿಯುವುದು. ಇದರಿಂದ ಸಿಜೇರಿಯನ್ ಸಂಭವ ಹೆಚ್ಚು. ಐದು, ಹೆರಿಗೆಯ ನಂತರ ಗರ್ಭಕೋಶ ಸರಿಯಾಗಿ ಮುದುಡಿಕೊಳ್ಳದೆ ಹೆಚ್ಚು ರಕ್ತ ಹೋಗುವುದು.

ಗರ್ಭಪಾತದ ಭಯ ಎಲ್ಲರಿಗೂ ಇರುತ್ತದೆ. ಹಳೆಯ ಪುಸ್ತಕಗಳು ಗಡ್ಡೆಗೂ ಗರ್ಭಪಾತಕ್ಕೂ ನೇರ ಗಂಟು ಹಾಕುತ್ತಿದ್ದವು. 2017ರಲ್ಲಿ ಪ್ರಕಟವಾದ, ಐದು ಸಾವಿರಕ್ಕೂ ಹೆಚ್ಚು ಅಮೆರಿಕನ್ ಹೆಂಗಸರನ್ನು ಗಮನಿಸಿದ ಅಧ್ಯಯನವೊಂದು, ವಯಸ್ಸು ಮುಂತಾದ ಬೇರೆ ಕಾರಣಗಳನ್ನು ಲೆಕ್ಕಕ್ಕೆ ಹಿಡಿದರೆ ಒಟ್ಟಾರೆ ನಾರುಗಡ್ಡೆಗೂ ಗರ್ಭಪಾತಕ್ಕೂ ಅಂಥ ಸಂಬಂಧ ಕಾಣುವುದಿಲ್ಲ ಎಂದಿತು. ಕೋಣೆಯೊಳಕ್ಕೆ ಚಾಚಿದ ಗಡ್ಡೆಯ ವಿಷಯದಲ್ಲಿ ಮಾತ್ರ ವೈದ್ಯರು ಇಂದಿಗೂ ಎಚ್ಚರ ವಹಿಸುತ್ತಾರೆ.

ಒಂಬತ್ತು ತಿಂಗಳೂ ಗಡ್ಡೆ ಮಗುವಿನ ಜೊತೆಗೇ ಬೆಳೆಯುತ್ತದೆ ಎಂಬುದು ಇನ್ನೊಂದು ತಪ್ಪು ತಿಳುವಳಿಕೆ. ಕೆಲವು ಮೊದಲ ತಿಂಗಳುಗಳಲ್ಲಿ ಬೆಳೆಯುತ್ತವೆ, ಅನೇಕವು ಇದ್ದಷ್ಟೇ ಇರುತ್ತವೆ, ಕೆಲವು ಕುಗ್ಗುತ್ತವೆ.

ಆ ರಾತ್ರಿ

ಯುಗಾದಿ ಕಳೆದು ಎರಡು ವಾರ ಆಗಿರಬೇಕು. ರಾತ್ರಿ ಒಂದೂವರೆಗೆ ಅವಳ ಗಂಡ ನಮ್ಮ ಬಾಗಿಲು ತಟ್ಟಿದ. ಹೊಟ್ಟೆಯ ಒಂದೇ ಜಾಗದಲ್ಲಿ ಚೂರಿ ಹಾಕಿದಂಥ ನೋವು, ಸಣ್ಣ ಜ್ವರ, ವಾಂತಿ. ಅವನ ಕೈಯಲ್ಲಿ ಒಂದು ಗುಳಿಗೆಯ ಪಟ್ಟಿ ಇತ್ತು. ಬೆನ್ನುನೋವಿಗೆಂದು ತಾನು ತೆಗೆದುಕೊಳ್ಳುತ್ತಿದ್ದ ಡೈಕ್ಲೋಫೆನಾಕ್. "ಇದನ್ನ ಕೊಡ್ಲೇನ್ರಿ?" ಎಂದು ಕೇಳಿದ. ಕೇಳಿದ್ದು ಪುಣ್ಯ.

ಗಡ್ಡೆಗೆ ರಕ್ತ ಸಾಲದೇ ಹೋದಾಗ ಅದರ ಒಳಭಾಗ ಕೊಳೆಯತೊಡಗುತ್ತದೆ. ಐದು ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆಗಳಲ್ಲಿ, ಬಸುರಿನ ನಡುವಿನ ತಿಂಗಳುಗಳಲ್ಲಿ ಇದು ಹೆಚ್ಚು. ನೋವು ಭಯಂಕರವಾಗಿದ್ದರೂ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ವಿಶ್ರಾಂತಿ, ಬಾಟಲಿಯ ಮೂಲಕ ನೀರಿನಂಶ, ಪ್ಯಾರಾಸಿಟಮಾಲ್ ಇಷ್ಟು ಸಾಕಾಗುವುದೇ ಹೆಚ್ಚು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಗುಳಿಗೆಗಳನ್ನು ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಇಪ್ಪತ್ತು ವಾರ ಕಳೆದ ಮೇಲಂತೂ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಬಹುದೆಂದು ಅಮೆರಿಕದ ಔಷಧ ಇಲಾಖೆ 2020ರಲ್ಲಿ ಎಚ್ಚರಿಕೆ ಕೊಟ್ಟಿದೆ. 'ಗಡ್ಡೆ ಕರಗಿಸುವ ಕಷಾಯ' ಎಂದು ಯಾರಾದರೂ ಕಳಿಸಿಕೊಟ್ಟರೆ ಅದಕ್ಕೂ ಇದೇ ಮಾತು.

ಆದರೆ ಬಸುರಿಯ ಹೊಟ್ಟೆನೋವನ್ನು ಗಡ್ಡೆಯದೇ ಎಂದು ಮನೆಯಲ್ಲಿ ಕೂತು ತೀರ್ಮಾನಿಸುವ ಹಾಗಿಲ್ಲ. ಅಪೆಂಡಿಕ್ಸ್ ಇರಬಹುದು, ಮಾಸು ಕಳಚಿರಬಹುದು, ಹೆರಿಗೆ ನೋವೇ ಇರಬಹುದು. ಆದ್ದರಿಂದ ಆ ರಾತ್ರಿಯೇ ಆಸ್ಪತ್ರೆಗೆ ಹೋದೆವು. ಮೂರು ದಿನ ಇದ್ದು ನೋವಿಳಿದು ಮನೆಗೆ ಬಂದಳು. ಮಗುವಿಗೆ ಏನೂ ಆಗಿರಲಿಲ್ಲ.

ರಕ್ತಸ್ರಾವ, ನೀರು ಹೋಗುವುದು, ಬಿಡದೆ ಹೊಟ್ಟೆ ಬಿಗಿಯುವುದು, ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಉತ್ತರ ಪ್ರದೇಶದಲ್ಲಿ ಗರ್ಭಿಣಿಯರಿಗೆ 102, ಬೇರೆ ತುರ್ತಿಗೆ 108 ಆಂಬ್ಯುಲೆನ್ಸ್ ಇದೆ.

ರಕ್ತ, ದಾರಿ ಮತ್ತು ಹೆರಿಗೆ

ಮೂರು ಕೆಲಸಗಳನ್ನು ಮೊದಲೇ ಮಾಡಿಕೊಂಡೆವು. ಮೊದಲನೆಯದು ರಕ್ತ. ಅವಳ ಹಿಮೋಗ್ಲೋಬಿನ್ ಒಂಬತ್ತೂವರೆ ಇತ್ತು. ಬಸುರಿನಲ್ಲಿ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ 52 ಮಂದಿ, ಹೀಗೇ ಇದ್ದಾರೆ. ವರ್ಷಗಟ್ಟಲೆ ಮುಟ್ಟಿನಲ್ಲಿ ರಕ್ತ ಕಳೆದುಕೊಂಡವಳು ಹೆರಿಗೆಯಲ್ಲಿ ಇನ್ನಷ್ಟು ಕಳೆದುಕೊಂಡರೆ ತಡೆಯುವುದು ಕಷ್ಟ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಕಬ್ಬಿಣಾಂಶದ ಗುಳಿಗೆಯನ್ನು ತಪ್ಪದೆ ನುಂಗಿಸಿದೆವು. ಗುಳಿಗೆಯ ಮೇಲೆ ಕುಲ್ಹಡ್ ಚಹಾ ಬೇಡ, ಲಿಂಬೆ ಪಾನಕ ಇರಲಿ ಎಂದು ದಿನಾ ಜಗಳವಾಡಿದೆ.

ಎರಡನೆಯದು ಜಾಗ. ಇಂಥ ಹೆರಿಗೆ ಮನೆಯಲ್ಲಾಗಲಿ, ರಕ್ತನಿಧಿಯಾಗಲೀ ಶಸ್ತ್ರಚಿಕಿತ್ಸೆಯ ಸೌಕರ್ಯವಾಗಲೀ ಇಲ್ಲದ ಸಣ್ಣ ಆಸ್ಪತ್ರೆಯಲ್ಲಾಗಲಿ ಬೇಡ. ನಮ್ಮ ಊರಿನಲ್ಲಿ ಕಬೀರ್‌ಚೌರಾದ ಜಿಲ್ಲಾ ಮಹಿಳಾ ಆಸ್ಪತ್ರೆ ಇದೆ, ಲಂಕಾದಲ್ಲಿ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆ ಇದೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ 2016ರಿಂದ ನಡೆದಿದೆ. ಕುಬುಸ ಮುಗಿಸಿ ತವರಿನ ಕಡೆಗೆ ಹೆರಿಗೆಗೆ ಹೋಗುವವರು ಎಲ್ಲ ಸ್ಕ್ಯಾನ್ ವರದಿಗಳನ್ನೂ ಜೊತೆಗೆ ಒಯ್ಯಿರಿ, ಅಲ್ಲಿನ ವೈದ್ಯರೊಡನೆ ಮೊದಲೇ ಮಾತಾಡಿರಿ. ಎರಡು ದಿನದ ರೈಲು ಪ್ರಯಾಣ ಸರಿಯೋ ಅಲ್ಲವೋ ಎಂಬುದನ್ನು ಗಡ್ಡೆಯ ಜಾಗವೂ ತೀರ್ಮಾನಿಸುತ್ತದೆ. ನಮ್ಮ ಹುಡುಗಿ ಕಾಶಿಯಲ್ಲೇ ಉಳಿದಳು, ಅಜ್ಜಿಯೇ ಇಲ್ಲಿಗೆ ಬಂದರು.

ಮೂರನೆಯದು ದಾರಿ. ಅವಳ ದಿನಗಳು ಶ್ರಾವಣದಲ್ಲಿ ಬಿದ್ದಿದ್ದವು. ಶ್ರಾವಣ ಸೋಮವಾರ ಗೋದೌಲಿಯಾ ಕಡೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಜನಜಂಗುಳಿಯಲ್ಲಿ ವಾಹನ ಹೆಜ್ಜೆ ಇಡುವುದಿಲ್ಲ. ಮದನ್‌ಪುರಾ, ಸೋನಾರ್‌ಪುರಾ ಮೇಲೆ ಅಸ್ಸಿ ದಾಟಿ ಲಂಕಾಕ್ಕೆ ಹೋಗುವ ದಾರಿಯನ್ನು ಅವಳ ಗಂಡ ಎರಡು ಸಲ ಹೋಗಿ ನೋಡಿ ಬಂದ. ಕೊನೆಯ ವಾರ ಆಸ್ಪತ್ರೆಯ ಹತ್ತಿರದ ಗೆಳೆಯರ ಮನೆಯಲ್ಲಿ ಉಳಿದರು.

ಮಗು ಕೊನೆಗೂ ತಿರುಗಲಿಲ್ಲ. ಮೂವತ್ತೆಂಟು ವಾರಕ್ಕೆ ಸಿಜೇರಿಯನ್ ಆಯಿತು. ರಕ್ತ ಹೆಚ್ಚೇ ಹೋಯಿತು, ಎರಡು ಬಾಟಲಿ ಏರಿಸಬೇಕಾಯಿತು. ಮೊದಲೇ ಸಿದ್ಧವಿದ್ದದ್ದರಿಂದ ಓಡಾಟವಾಗಲಿಲ್ಲ. ಹೆಣ್ಣು ಮಗು, ಎರಡು ಕಿಲೋ ಎಂಟುನೂರು ಗ್ರಾಂ. ಗಡ್ಡೆಯನ್ನು ಮುಟ್ಟಲಿಲ್ಲ. ಬಸುರಿನ ಗರ್ಭಕೋಶದಲ್ಲಿ ರಕ್ತದ ಹರಿವು ಬಹಳ, ಆದ್ದರಿಂದ ತೀರಾ ಅಗತ್ಯವಿಲ್ಲದಿದ್ದರೆ ಆಗ ಗಡ್ಡೆ ತೆಗೆಯುವುದನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ಆರು ತಿಂಗಳ ಮೇಲೆ ನೋಡಿದಾಗ ಆರು ಸೆಂಟಿಮೀಟರಿನದು ನಾಲ್ಕಕ್ಕೆ ಇಳಿದಿತ್ತು. ಇದು ಪವಾಡವಲ್ಲ. 2010ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಹೆರಿಗೆಯ ನಂತರ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಗಡ್ಡೆಗಳು ಕಾಣದೇ ಹೋಗಿದ್ದವು, ಉಳಿದವುಗಳಲ್ಲಿ ಹೆಚ್ಚಿನವು ಕುಗ್ಗಿದ್ದವು.

'ತೆಗೆಸಿಬಿಡು' ಎನ್ನುವ ಮುನ್ನ

ಈಗ ಅಜ್ಜಿಯ ಮಾತಿಗೆ ಬರುತ್ತೇನೆ. ಬಾಣಂತನಕ್ಕೆ ಬಂದ ಅಜ್ಜಿ ಒಂದು ಮಧ್ಯಾಹ್ನ ಮಗುವಿಗೆ ಎಣ್ಣೆ ಹಚ್ಚುತ್ತ ಹೇಳಿದರು. ಅವರ ತಂಗಿಯ ಮಗಳಿಗೆ ಮೂವತ್ತೆರಡನೇ ವಯಸ್ಸಿನಲ್ಲಿ ಹೊಟ್ಟೆನೋವೆಂದು ಹೋದಾಗ, "ಗಡ್ಡಿ ಅದ, ಬಿಟ್ಟರ ಕ್ಯಾನ್ಸರ್ ಆಗ್ತದ" ಎಂದು ಹೆದರಿಸಿ ಗರ್ಭಕೋಶವನ್ನೇ ತೆಗೆದರಂತೆ. ಎಲ್ಲಿದೆ ಗಡ್ಡೆ, ಎಷ್ಟಿದೆ ಎಂದು ಅವಳೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಹೊಲಕ್ಕೆ ಹೋಗುತ್ತಿದ್ದ ಹೆಣ್ಣು ಆಮೇಲೆ ಸೊಂಟನೋವಿನಿಂದ ಮೇಲೇಳಲಿಲ್ಲ.

ಅವಳೊಬ್ಬಳ ಕಥೆಯಲ್ಲ ಇದು. 2015ರಲ್ಲಿ ಕಲಬುರ್ಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೆ, ದಲಿತ ಹೆಂಗಸರಿಗೆ ಹೀಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ವಿಷಯ ಬಯಲಿಗೆ ಬಂತು. ಅವರಲ್ಲಿ ಅನೇಕರು ನಲವತ್ತು ದಾಟಿರಲಿಲ್ಲ. ಸರ್ಕಾರ ತನಿಖೆ ನಡೆಸಿತು, ಹೆಂಗಸರು ನ್ಯಾಯ ಕೇಳಿ ಬೀದಿಗಿಳಿದರು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದೇ ದೂರಿನ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಹೇಳಿತು.

ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳು ಇಲ್ಲವೆಂದಲ್ಲ. ಆದರೆ ಅದು ಮೊದಲ ಉತ್ತರವಲ್ಲ. ತೊಂದರೆ ಕೊಡದ ಗಡ್ಡೆಯನ್ನು ಸುಮ್ಮನೆ ಗಮನಿಸುತ್ತಿದ್ದರೆ ಸಾಕು. ರಕ್ತಸ್ರಾವಕ್ಕೆ ಔಷಧಗಳಿವೆ. ಒಳಕೋಣೆಗೆ ಚಾಚಿದ್ದನ್ನು ಹೊಟ್ಟೆ ಕುಯ್ಯದೆ ಯೋನಿಯ ಮೂಲಕ ದುರ್ಬೀನು ಹಾಕಿ ತೆಗೆಯಬಹುದು. ದೊಡ್ಡವನ್ನು ಗರ್ಭಕೋಶ ಉಳಿಸಿಕೊಂಡು ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯಬಹುದು. ಹಾಗೆ ತೆಗೆಸಿಕೊಂಡವರು ಗಾಯ ಮಾಗುವ ತನಕ ಕೆಲವು ತಿಂಗಳು ಬಸುರಾಗಬಾರದು, ಮುಂದೆ ಸಿಜೇರಿಯನ್ ಬೇಕಾದೀತೇ ಎಂದು ಆಗಲೇ ಬರೆಸಿಕೊಳ್ಳಬೇಕು.

ಗಡ್ಡೆಯನ್ನು ಮಾತ್ರ ಬಿಡಿಸುವ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಪ್ರಮುಖರು ಲಂಡನ್ನಿನ ವಿಕ್ಟರ್ ಬಾನಿ. ಅವರ ಹೆಂಡತಿಗೇ ಚಿಕ್ಕ ವಯಸ್ಸಿನಲ್ಲಿ ನಾರುಗಡ್ಡೆಯೆಂದು ಗರ್ಭಕೋಶ ತೆಗೆಯಬೇಕಾಯಿತು, ಅವರಿಗೆ ಮಕ್ಕಳಾಗಲಿಲ್ಲ. ಆ ದುಃಖವನ್ನು ಬೇರೆ ಹೆಂಗಸರು ಉಣ್ಣಬಾರದೆಂದು ಅವರು ಜೀವಮಾನವಿಡೀ ದುಡಿದರು. 1946ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು.

ಹುಡುಗರಿಗೂ ಎರಡು ಮಾತು

ಇದು ಹೆಂಗಸರ ವಿಷಯವೆಂದು ಪುಟ ತಿರುವಿದ ಹುಡುಗರಿದ್ದರೆ ದಯವಿಟ್ಟು ಹಿಂದಕ್ಕೆ ಬನ್ನಿ. ಆ ಎರಡು ಬಾಟಲಿ ರಕ್ತಕ್ಕೆ ಬದಲಾಗಿ ರಕ್ತ ಕೊಟ್ಟವರು ನಿಮ್ಮಲ್ಲೇ ಇಬ್ಬರು. ಹದಿನೆಂಟು ತುಂಬಿ, 45 ಕಿಲೋ ತೂಕವಿದ್ದು, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ಕೊಡಬಹುದು. ನಾಳೆ ನಿಮ್ಮ ಅಕ್ಕನ, ಹೆಂಡತಿಯ ಕಡತ ಹಿಡಿದು ವೈದ್ಯರ ಮುಂದೆ ನಿಲ್ಲುವವರು ನೀವೇ. ಆಗ ನಾಚಿಕೆ ಬಿಟ್ಟು ಆ ನಾಲ್ಕು ಪ್ರಶ್ನೆ ಕೇಳಿ.

ಕೊನೆಯದಾಗಿ ಭಾಷೆಯ ಮಾತು. ನಿಮ್ಮ ಅಮ್ಮಂದಿರ ಕಾಲದಲ್ಲಿ ಡಾ. ಅನುಪಮಾ ನಿರಂಜನರಂಥ ವೈದ್ಯೆ ಕನ್ನಡದಲ್ಲೇ ಇಂಥ ವಿಷಯ ಬರೆದು ಮನೆಮನೆಗೆ ಮುಟ್ಟಿಸಿದರು. ನಿಮಗೆ ಇವತ್ತು ಎಲ್ಲ ತಿಳಿವಳಿಕೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ಊರಿನ ಅಜ್ಜಿಗೆ ತಲುಪಿಸುವಾಗ ಅರ್ಧ ಮಾತು ದಾರಿಯಲ್ಲಿ ಉದುರಿ ಹೋಗಿ ಭಯವೊಂದೇ ತಲುಪುತ್ತದೆ. ಆದ್ದರಿಂದ ಗಡ್ಡೆ ಎಂದಷ್ಟೇ ಹೇಳಿ ಫೋನು ಇಡಬೇಡಿ. "ಅಜ್ಜೀ, ಇದು ನಾರುಗಡ್ಡಿ. ಕ್ಯಾನ್ಸರ್ ಅಲ್ಲ. ಗ್ವಾಡಿಯೊಳಗ ಅದ, ಕೂಸಿಗೆ ಅಡ್ಡ ಇಲ್ಲ. ಡಾಕ್ಟರ್ ನೋಡ್ಲಿಕತ್ತಾರ" ಎನ್ನಿ. ನಾಲ್ಕೇ ವಾಕ್ಯ.

ಈ ಸಲದ ಯುಗಾದಿಗೆ ಆ ಮಗುವನ್ನು ಕರೆತಂದಿದ್ದರು. ಏಳು ತಿಂಗಳ ಕೂಸು ಎಲ್ಲರ ತೊಡೆಯ ಮೇಲೂ ಸುತ್ತಾಡಿ ಕೊನೆಗೆ ಮುತ್ತಜ್ಜಿಯ ಹತ್ತಿರ ನಿದ್ದೆ ಹೋಯಿತು. ಅಜ್ಜಿ ನನ್ನನ್ನು ಕರೆದು, "ಡಾಕ್ಟರಮ್ಮಾ, ನಮ್ಮ ಕಡೀ ಹೆಣ್ಮಕ್ಕಳಿಗೂ ಹೇಳ್ರಿ, ಗಡ್ಡಿ ಎಲ್ಲದ ಅಂತ ಮೊದಲ ಕೇಳ್ರಿ ಅಂತ" ಎಂದರು. ಅವರ ಮಾತಿನಂತೆ ಬರೆದಿದ್ದೇನೆ. ನೀವೂ ನಿಮ್ಮ ನಿಮ್ಮ ಊರಿಗೆ ಒಂದು ಫೋನು ಮಾಡಿ ತಿಳಿಸಿ.

ಲೂ ಗಾಳಿಯ ಕಥೆ ಮುಂದಿನ ಸಂಚಿಕೆಯಲ್ಲಿ, ಖಂಡಿತ.

ನಿಮ್ಮ
ಡಾಕ್ಟರ್ ಅತ್ತೆ